ಅರ್ಧಕ್ಕೆ ನಿಂತ ಪಿಕಪ್ ಮಾರೋರಿಗೆ

ಬೇರೆ ಎಂಜಿನ್ ಕೂರಿಸಿ ಅರ್ಧಕ್ಕೆ ನಿಂತ ಡೀಸೆಲ್ ಪಿಕಪ್ ಮಾರೋದಿದ್ರೆ ಪೇಂಟಿಂಗ್‌ಗೆ ದುಡ್ಡು ಸುರೀಬೇಡಿ, ಎಂಜಿನ್ ಸ್ಟಾರ್ಟ್ ಆಗೋ ಹಾಗೆ ಮಾಡಿ. ಟ್ಯಾಂಕ್ ಇಲ್ದಿದ್ರೆ ಐದು ಲೀಟರ್ ಕ್ಯಾನ್ ಸಾಕು: ಫಿಲ್ಟರ್ ಮೂಲಕ ಒಂದು ಪೈಪ್ ಪಂಪ್‌ಗೆ, ರಿಟರ್ನ್ ಪೈಪ್ ವಾಪಸ್ ಕ್ಯಾನ್‌ಗೆ. ಲೈನಲ್ಲಿರೋ ಗಾಳಿ ತೆಗೆದಿಡಿ. ಕೊಳ್ಳೋರು ಬಂದ್ಮೇಲೆ, ಎಂಜಿನ್ ತಣ್ಣಗಿದ್ದಾಗಲೇ ಸೆಲ್ಫ್ ಹೊಡೀರಿ. ಹೊಗೆ ಬಣ್ಣ, ಆಯಿಲ್ ಪ್ರೆಶರ್ ಕಣ್ಣಾರೆ ಕಂಡೋರು ಗುಜರಿ ರೇಟ್ ಕೇಳೋದು ಕಷ್ಟ. ರೇಡಿಯೇಟರ್ ಕೂರಿಸಿಲ್ಲ ಅಂದ್ರೆ ಅರ್ಧ ನಿಮಿಷಕ್ಕೇ ಆಫ್ ಮಾಡಿ, ಹೆಡ್ ಗ್ಯಾಸ್ಕೆಟ್ ಹೋದೀತು. ಎಂಜಿನ್ ನಂಬರ್ ಆರ್‌ಸಿಗೆ ತಾಳೆ ಆಗದಿದ್ರೆ ಮಾತ್ರ ಇದು ಕೈಕೊಡುತ್ತೆ: ಗಾಡಿ ಕೊಳ್ಳೋರ ಹೆಸರಿಗೆ ಮಾಡೋ ಫಾರಂ 29, 30ರಲ್ಲಿ ಎಂಜಿನ್ ನಂಬರ್ ಬರೀಬೇಕು. ಎಂಜಿನ್ ಬಿಲ್ ಹಿಡ್ಕೊಂಡು ಮೊದಲು ನಿಮ್ಮ ಆರ್‌ಟಿಓದಲ್ಲಿ ಈ ನಂಬರ್ ಆರ್‌ಸಿಗೆ ಸೇರಿಸೋಕಾಗುತ್ತಾ ಅಂತ ವಿಚಾರಿಸಿ; ಆಗಲ್ಲ ಅಂದ್ರೆ ಬಿಡಿಭಾಗದ ಲೆಕ್ಕದಲ್ಲೇ ಮಾರಿ.