ಮುಷ್ಟಿ ಕಟ್ಟಿ ನೋಡಿ: ಡೆಂಗಿಯೋ, ಚಿಕೂನ್‌ಗುನ್ಯಾವೋ, ಝೀಕಾವೋ?

ಪುಣೆಯ ಧನಕವಡಿಯಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಊರು ಜಮಖಂಡಿ. ಇಲ್ಲಿಗೆ ಬಂದು 22 ವರ್ಷ ಆಯ್ತು. ಬೆಳಗ್ಗೆ ಏಳರಿಂದ ಒಂದೇ ಮಾತು ಹೇಳುತ್ತಾ ಕೂತಿರುತ್ತೇನೆ: 'ಮೂಠ್ ಬಂದ್ ಕರಾ.' ನಮ್ಮ ಕಡೆಯವರು ಬಂದರೆ, 'ಮುಷ್ಟಿ ಕಟ್ರಿ.' ಮುಷ್ಟಿ ಬಿಗಿ ಹಿಡಿದರೆ ನರ ಎದ್ದು ಕಾಣುತ್ತದೆ, ಅದಕ್ಕೆ. ಆದರೆ ಮಳೆಗಾಲದ ಕೊನೆಯಲ್ಲಿ ಜ್ವರದವರ ಸಾಲು ಬೆಳೆದಾಗ ಆ ಮುಷ್ಟಿಯೇ ಅರ್ಧ ಕಥೆ ಹೇಳಿಬಿಡುತ್ತದೆ.

ಒಬ್ಬರು ಕಾಕಾ ಬಂದಿದ್ದರು. ಇಂಡಿ ಕಡೆಯವರು, ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಚೀಲ ಎತ್ತಿ ಎತ್ತಿ ಗಟ್ಟಿಯಾದ ಕೈ. 'ಮುಷ್ಟಿ ಕಟ್ರಿ ಕಾಕಾ' ಅಂದೆ. ಬೆರಳು ಅರ್ಧಕ್ಕೇ ನಿಂತವು. 'ಆಗವಲ್ದವ್ವಾ' ಅಂದರು. ಕಣ್ಣಲ್ಲಿ ನೀರು.

ಚಿಕೂನ್‌ಗುನ್ಯಾ ಅಂದರೆ ಹೀಗೆ. ಜ್ವರ ಒಮ್ಮೆಲೇ ಏರುತ್ತದೆ, ಜೊತೆಗೇ ಕೀಲು ಹಿಡಿಯುತ್ತದೆ. ಮಣಿಕಟ್ಟು, ಬೆರಳ ಗೆಣ್ಣು, ಕಾಲಿನ ಹರಡು, ಸಾಮಾನ್ಯವಾಗಿ ಎರಡೂ ಕಡೆ. ಎಲ್ಲಿ ನೋವು ಅಂತ ಕೇಳಿದರೆ ಬೆರಳಿಟ್ಟು ತೋರಿಸುತ್ತಾರೆ. ಡೆಂಗಿಯವರು ಹಾಗೆ ತೋರಿಸುವುದಿಲ್ಲ. ಮೈಕೈ, ಬೆನ್ನು, ಕಣ್ಣಿನ ಹಿಂದೆ, ಎಲ್ಲಾ ಕಡೆ ಅನ್ನುತ್ತಾರೆ. ಚಿಕೂನ್‌ಗುನ್ಯಾ ಅನ್ನುವುದು ಆಫ್ರಿಕಾದ ಮಾಕೊಂಡೆ ಭಾಷೆಯ ಹೆಸರು, ನೋವಿಗೆ ಮೈ ಬಾಗಿ ಹೋಗುತ್ತದೆ ಅಂತ. 2006ರಲ್ಲಿ ಕರ್ನಾಟಕದ ತುಂಬ ಇದು ಹಬ್ಬಿದಾಗ ನಮ್ಮೂರಲ್ಲಿ ಕೆಲವರು ಕೋಳಿ ತಿನ್ನುವುದನ್ನೇ ಬಿಟ್ಟಿದ್ದರು. ಹೆಸರಲ್ಲಿ 'ಚಿಕನ್' ಇದೆಯಲ್ಲ, ಅದಕ್ಕೆ!

ಡೆಂಗಿಯವರ ಮುಷ್ಟಿ ಸಾಮಾನ್ಯವಾಗಿ ಸರಿಯಾಗೇ ಕಟ್ಟುತ್ತದೆ. ತೋಳಿನ ರಬ್ಬರ್ ಪಟ್ಟಿ ಬಿಚ್ಚಿದ ಮೇಲೆ ನೋಡಬೇಕು. ಕೆಲವರಿಗೆ ಅದರ ಕೆಳಗೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿ ಎದ್ದಿರುತ್ತವೆ. ಒತ್ತಿದರೂ ಮಾಯವಾಗುವುದಿಲ್ಲ. ಡಾಕ್ಟರು ಬಿಪಿ ಪಟ್ಟಿಯನ್ನು 5 ನಿಮಿಷ ಬಿಗಿದು ನೋಡುವುದೂ ಇದನ್ನೇ.

ಝೀಕಾದವರು ನಮ್ಮ ತನಕ ಬರುವುದೇ ಅಪರೂಪ. ಹೆಚ್ಚಿನವರಿಗೆ ಏನೂ ಗೊತ್ತೇ ಆಗುವುದಿಲ್ಲ. ಗೊತ್ತಾದರೂ ಸಣ್ಣ ಜ್ವರ, ತುರಿಸುವ ದದ್ದು, ಪಿಸುರು ಬಾರದೆ ಕೆಂಪಾದ ಕಣ್ಣು. ಮಹಾರಾಷ್ಟ್ರದ ಮೊದಲ ಝೀಕಾ ಸಿಕ್ಕಿದ್ದು ನಮ್ಮದೇ ಜಿಲ್ಲೆಯಲ್ಲಿ, 2021ರ ಜುಲೈನಲ್ಲಿ, ಪುರಂದರ ತಾಲೂಕಿನ ಬೆಲ್ಸರ್‌ನಲ್ಲಿ. ಆ ಹೆಂಗಸಿಗೆ ಅದೇ ಹೊತ್ತಿಗೆ ಚಿಕೂನ್‌ಗುನ್ಯಾವೂ ಇತ್ತು. 2024ರ ಜೂನ್‌ನಲ್ಲಿ ಪುಣೆ ಊರೊಳಗೇ, ಎರಂಡವಣೆಯಲ್ಲಿ ಕಾಣಿಸಿತು. ಮೂರನ್ನೂ ಹೊತ್ತು ತರುವುದು ಅದೇ ಪಟ್ಟೆ ಕಾಲಿನ ಈಡಿಸ್ ಸೊಳ್ಳೆ. ಒಬ್ಬರಿಗೇ ಎರಡು ಬಂದರೆ ಆಶ್ಚರ್ಯ ಇಲ್ಲ. ಹಾಗಾಗಿ ಮುಷ್ಟಿ ನೋಡಿ ಅಂದಾಜು ಮಾಡಬಹುದು, ತೀರ್ಮಾನ ಮಾಡಬಾರದು.

ತೀರ್ಮಾನಕ್ಕೆ ಬೇಕಾದದ್ದು ಟೆಸ್ಟ್. ಟೆಸ್ಟಿಗೆ ಬೇಕಾದದ್ದು ತಾರೀಖು. ಜ್ವರ ಶುರುವಾದ ದಿನ ಮತ್ತು ಹೊತ್ತನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. 'ಮೊನ್ನೆಯೋ ಆಚೆ ಮೊನ್ನೆಯೋ' ಅನ್ನುವವರೇ ಜಾಸ್ತಿ. ಡೆಂಗಿಯ ಎನ್‌ಎಸ್‌1 ಟೆಸ್ಟ್ ವೈರಸ್ಸಿನ ಪ್ರೋಟೀನನ್ನೇ ಹುಡುಕುತ್ತದೆ, ಸರಿಯಾಗಿ ಹಿಡಿಯುವುದು ಮೊದಲ ಐದು ದಿನ. ಐಜಿಎಂ ಟೆಸ್ಟ್, ಡೆಂಗಿಯದಾಗಲಿ ಚಿಕೂನ್‌ಗುನ್ಯಾದ್ದಾಗಲಿ, ಐದನೇ ದಿನದ ನಂತರ, ಅದು ನೋಡುವುದು ವೈರಸ್ಸಿಗೆ ಎದುರಾಗಿ ಮೈ ಮಾಡಿಕೊಂಡ ಪ್ರತಿಕಾಯವನ್ನು. ಅದಕ್ಕೂ ಮೊದಲೇ ಚಿಕೂನ್‌ಗುನ್ಯಾ ತಿಳಿಯಬೇಕೆಂದರೆ ವೈರಸ್ಸನ್ನೇ ಹುಡುಕುವ ಪಿಸಿಆರ್. ಝೀಕಾಕ್ಕೂ ಪಿಸಿಆರ್, ರಕ್ತದ ಜೊತೆ ಮೂತ್ರದ್ದೂ. ಐಜಿಎಂ ನಂಬಿದರೆ ಝೀಕಾ ಮತ್ತು ಡೆಂಗಿ ಒಂದರ ವೇಷ ಇನ್ನೊಂದು ಹಾಕಿ ಬರುತ್ತವೆ. ಮಲೇರಿಯಾ ಟೆಸ್ಟನ್ನೂ ಜೊತೆಗೇ ಮಾಡಿಸಿಬಿಡಿ.

ಇಷ್ಟೆಲ್ಲಾ ಹೇಳುವ ನಾನೇ ಎಡವಿದೆ. 2024ರ ಸೆಪ್ಟೆಂಬರ್‌ನಲ್ಲಿ ಜ್ವರ ಬಂದ ಮರುದಿನವೇ ಚಿಕೂನ್‌ಗುನ್ಯಾ ಐಜಿಎಂ ಮಾಡಿಸಿಕೊಂಡೆ. ನೆಗೆಟಿವ್. ಸುಮ್ನೆ ವೈರಲ್ ಜ್ವರ ಅಂದುಕೊಂಡು, ಡ್ಯೂಟಿ ತಪ್ಪಬಾರದು ಅಂತ ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ತಂದು ನುಂಗಿದೆ. ಎಂಟನೇ ದಿನ ನನ್ನ ಜೊತೆಯವಳು ಸೂಜಿ ಹಿಡಿದು 'ಮೂಠ್ ಬಂದ್ ಕರ್ ತಾಯಿ' ಅಂದಳು. ಬೆರಳು ಅರ್ಧಕ್ಕೇ ನಿಂತವು, ಥೇಟ್ ಆ ಕಾಕಾನ ಹಾಗೆ. ಈ ಸಲ ಪಾಸಿಟಿವ್.

ಅವತ್ತು ನನ್ನೊಳಗೆ ಡೆಂಗಿ ಇದ್ದಿದ್ದರೆ ಆ ಮಾತ್ರೆ ರಕ್ತಸ್ರಾವ ತರಬಹುದಿತ್ತು. ಡೆಂಗಿ ಅಲ್ಲ ಅಂತ ಡಾಕ್ಟರು ಹೇಳುವವರೆಗೆ ಪ್ಯಾರಾಸಿಟಮಾಲ್ ಒಂದೇ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ಕಾಂಬಿಫ್ಲಾಮ್‌ನಲ್ಲೂ ಐಬುಪ್ರೊಫೆನ್ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಹೃದಯಕ್ಕಾಗಿ ದಿನಾ ಆಸ್ಪಿರಿನ್ ತಗೊಳ್ಳುವವರು ಮಾತ್ರ ತಾವಾಗಿ ನಿಲ್ಲಿಸದೆ ಡಾಕ್ಟರನ್ನು ಕೇಳಿ.

ಡೆಂಗಿಯಲ್ಲಿ ಜನ ಮೋಸ ಹೋಗುವುದು ಜ್ವರ ಇಳಿದಾಗ. ಮೂರರಿಂದ ಏಳನೇ ದಿನದೊಳಗೆ ಮೈ ತಣ್ಣಗಾಗುತ್ತದೆ. ಮನೆಯವರು 'ಅಬ್ಬಾ' ಅಂತ ಉಸಿರು ಬಿಡುತ್ತಾರೆ. ನಿಜವಾದ ಕಾವಲು ಶುರುವಾಗುವುದೇ ಆಗ, ಮುಂದಿನ 24ರಿಂದ 48 ಗಂಟೆ. ರಕ್ತನಾಳದಿಂದ ನೀರು ಸೋರಿ ರಕ್ತ ಗಟ್ಟಿಯಾಗುತ್ತದೆ, ಬಹಳ ಹೊತ್ತು ಕುದಿಸಿದ ಅಂಬಲಿ ಹಾಗೆ. ಹೊಟ್ಟೆ ಜೋರಾಗಿ ನೋಯುವುದು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕಪ್ಪು ಮಲ, ನಾಲ್ಕಾರು ಗಂಟೆ ಮೂತ್ರ ಆಗದಿರುವುದು, ಕೈಕಾಲು ತಣ್ಣಗಾಗಿ ಮಂಕು ಹಿಡಿಯುವುದು: ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ರಿಪೋರ್ಟಿನಲ್ಲಿ ಎಲ್ಲರೂ ಪ್ಲೇಟ್‌ಲೆಟ್ ಒಂದನ್ನೇ ನೋಡುತ್ತಾರೆ. ಅದರ ಜೊತೆ ಹೆಮಟೊಕ್ರಿಟ್ ಅಂತ ಒಂದು ಸಾಲು ಇರುತ್ತದೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ. ಅದು ಏರುತ್ತಾ ಪ್ಲೇಟ್‌ಲೆಟ್ ಇಳಿಯುತ್ತಿದ್ದರೆ ಡಾಕ್ಟರಿಗೆ ತೋರಿಸಲು ತಡ ಮಾಡಬೇಡಿ. ಪಪ್ಪಾಯಿ ಎಲೆ ರಸದ ಬಗ್ಗೆ ದಿನಾ ಕೇಳುತ್ತಾರೆ. ನಾನಾದರೆ ಆ ಹೊತ್ತಿನಲ್ಲಿ ಓಆರ್‌ಎಸ್, ಎಳನೀರು ಕುಡಿಸುತ್ತೇನೆ.

ಜ್ವರದವರನ್ನು ಮೊದಲ ವಾರ ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಿ. ಈಡಿಸ್ ಕಚ್ಚುವುದು ಹಗಲು. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಮಕ್ಕಳನ್ನು ಕಚ್ಚುವುದು, ಅಲ್ವಾ? ಸೊಳ್ಳೆ ಹುಟ್ಟುವುದು ನಿಂತ ನೀರಲ್ಲಿ, ಫ್ರಿಜ್ ಹಿಂದಿನ ಟ್ರೇ ಎಳೆದು ನೋಡಿ. ನಮ್ಮ ಮನೆಯಲ್ಲಿ ಹುಳ ಕುಣಿಯುತ್ತಿದ್ದದ್ದು ಅಲ್ಲೇ.

ಆಮೇಲಿನ ಕಾಟವೂ ಮೂರಕ್ಕೂ ಬೇರೆ ಬೇರೆ. ಡೆಂಗಿ ಬಿಟ್ಟ ಮೇಲೆ ವಾರಗಟ್ಟಲೆ ಸುಸ್ತು, ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು. ಕೂದಲು ಮತ್ತೆ ಬರುತ್ತದೆ, ಹೆದರಬೇಡಿ. ಆದರೆ ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಎರಡನೇ ಸಲ ಬೇರೆ ಬಗೆಯದು ಬಂದರೆ ಜೋರಾಗುವ ಸಂಭವ ಜಾಸ್ತಿ. ಹಳೆಯ ರಿಪೋರ್ಟ್ ರದ್ದಿಗೆ ಹಾಕಬೇಡಿ. ಝೀಕಾದ ಪೆಟ್ಟು ಬೀಳುವುದು ಹೊಟ್ಟೆಯಲ್ಲಿರುವ ಮಗುವಿನ ಮೇಲೆ, ತಲೆ ಮತ್ತು ಮಿದುಳು ಸರಿಯಾಗಿ ಬೆಳೆಯದೆ ಹೋಗಬಹುದು. ಬಸುರಿಗೆ ದದ್ದು, ಕೆಂಪು ಕಣ್ಣು ಕಂಡರೆ ಸಣ್ಣ ಜ್ವರ ಅಂತ ಬಿಡಬೇಡಿ. ಇದು ಗಂಡನಿಂದಲೂ ಹರಡುತ್ತದೆ. ಗಂಡಸಿಗೆ ಬಂದಿದ್ದರೆ 3 ತಿಂಗಳು ಕಾಂಡೋಮ್ ಬೇಕು. ಹೆಂಡತಿ ಬಸುರಿಯಾಗಿದ್ದರೆ ಹೆರಿಗೆಯ ತನಕ. ಅಪರೂಪಕ್ಕೆ ಕಾಲಿನಿಂದ ಶಕ್ತಿ ಹೋಗುತ್ತಾ ಬರುವ ಗಿಲಾನ್ ಬಾರೆ ಅನ್ನುವ ನರದ ಕಾಯಿಲೆಯೂ ಆಗುತ್ತದೆ.

ಚಿಕೂನ್‌ಗುನ್ಯಾ ಉಳಿಸಿ ಹೋಗುವುದು ಕೀಲುನೋವು. ಕೆಲವರಿಗೆ ವಾರ, ಕೆಲವರಿಗೆ ತಿಂಗಳು, ವಯಸ್ಸಾದವರಿಗೆ ವರ್ಷವೂ ಆಗಬಹುದು. ಮೂರು ತಿಂಗಳು ದಾಟಿದರೆ ಸಂಧಿವಾತದ ಡಾಕ್ಟರನ್ನು ಕಾಣಬೇಕು. ನಾನು ಬೆಳಗ್ಗೆ ಎದ್ದ ಕೂಡಲೇ ಬಿಸಿ ನೀರಲ್ಲಿ ಕೈ ಇಟ್ಟು ಒಂದೊಂದೇ ಬೆರಳು ಮಡಚುತ್ತಿದ್ದೆ. ಸೂಜಿ ಹಿಡಿಯಲು ಆಗದೆ ಎರಡು ತಿಂಗಳು ಕೌಂಟರಿನಲ್ಲಿ ಬಿಲ್ ಬರೆದೆ. ಜೋಳದ ರೊಟ್ಟಿ ಬಡಿದದ್ದು ಏಳು ತಿಂಗಳ ಮೇಲೆ. ಬಲಗೈ ಪೂರಾ ಅಗಲ ಆಗುತ್ತಿರಲಿಲ್ಲ, ರೊಟ್ಟಿ ಒಂದು ಕಡೆ ದಪ್ಪ, ಅಂಚೆಲ್ಲಾ ಬಿರುಕು. ನಮ್ಮ ಮನೆಯವರು ಮಾತಾಡದೆ ಎರಡು ತಿಂದು, ಮೂರನೆಯದು ಕೇಳಿದರು.