ಎಂಜಿನಿಯರಿಂಗ್ ವಸತಿ ಶಿಬಿರವನ್ನು ಆರಿಸುವುದು ಮತ್ತು ಅದಕ್ಕೆ ಸಿದ್ಧವಾಗುವುದು

ಹದಿಹರೆಯದ ಮಗನನ್ನೋ ಮಗಳನ್ನೋ ಬೇಸಿಗೆ ರಜೆಯಲ್ಲಿ ಎಂಜಿನಿಯರಿಂಗ್ ವಸತಿ ಶಿಬಿರಕ್ಕೆ ಕಳುಹಿಸಬೇಕೆಂದು ಯೋಚಿಸುತ್ತಿರುವ ಪಾಲಕರು ಸಂಘಟಕರಿಂದ ಮೊದಲು ಕೇಳಿ ಪಡೆಯಬೇಕಾದದ್ದು ಶಿಬಿರದ ದಿನವಹಿ ವೇಳಾಪಟ್ಟಿ. ಕರಪತ್ರಗಳು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ: ಒಂದು ರೋಬೋಟ್, ಒಂದು ಡ್ರೋನ್, ಅವುಗಳ ಸುತ್ತ ನಗುತ್ತಿರುವ ನಾಲ್ಕು ಮುಖಗಳು. ಮಕ್ಕಳ ಕೈ ಸಲಕರಣೆಗಳ ಮೇಲೆ ದಿನಕ್ಕೆ ಎಷ್ಟು ಹೊತ್ತು ಇರುತ್ತದೆ, ಉಪನ್ಯಾಸಕ್ಕೆ ಎಷ್ಟು ಹೊತ್ತು ಹೋಗುತ್ತದೆ, ಮಾಡಿದ ವಸ್ತುವನ್ನು ಪರೀಕ್ಷಿಸುವುದು ಯಾವ ದಿನ ಎಂಬುದನ್ನು ತಿಳಿಸುವುದು ವೇಳಾಪಟ್ಟಿ ಮಾತ್ರ. ಅದರಲ್ಲಿ ಕೊನೆಯ ದಿನದ ಮಧ್ಯಾಹ್ನ ಪರೀಕ್ಷೆ, ಸಂಜೆ ಸಮಾರೋಪ ಎಂದಿದ್ದರೆ, ತಾನು ಕಟ್ಟಿದ್ದು ಏಕೆ ಮುರಿಯಿತು ಎಂದು ವಿಚಾರಿಸಿ ಸರಿಪಡಿಸಲು ಮಗುವಿಗೆ ಅವಕಾಶವೇ ಸಿಗುವುದಿಲ್ಲ. ಮೊದಲ ಪರೀಕ್ಷೆಯ ನಂತರ ಕನಿಷ್ಠ ಒಂದೆರಡು ದಿನಗಳನ್ನು ಮರುನಿರ್ಮಾಣಕ್ಕೆಂದೇ ಕಾದಿರಿಸಿರುವ ಶಿಬಿರವನ್ನು, ಅದರ ಪ್ರಯೋಗಾಲಯ ಸಾಧಾರಣವಾಗಿದ್ದರೂ, ನಾನು ಮೇಲೆಂದು ಎಣಿಸುತ್ತೇನೆ.

ಇದಕ್ಕೆ ಕಾರಣವನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ನಡೆಸುವ ಬೇಸಿಗೆ ಎಂಜಿನಿಯರಿಂಗ್ ಕೋರ್ಸಿನಲ್ಲೂ ಇತರ ಹಲವು ಶಿಬಿರಗಳಲ್ಲೂ ಒಣ ಸ್ಪಗೆಟ್ಟಿ (ಶಾವಿಗೆಯಂಥ ಇಟಲಿಯ ತಿನಿಸು) ಕಡ್ಡಿಗಳನ್ನು ಅಂಟಿಸಿ ಸೇತುವೆ ಕಟ್ಟುವ ಸ್ಪರ್ಧೆ ಇರುತ್ತದೆ. ಮಕ್ಕಳು ಸಾಮಾನ್ಯವಾಗಿ ಭಾರ ತೂಗುವ ನಡುಭಾಗಕ್ಕೆ ಹೆಚ್ಚು ಕಡ್ಡಿ ಸೇರಿಸಿ ದಪ್ಪ ಮಾಡುತ್ತಾರೆ. ಆದರೆ ಸೇತುವೆ ಎಷ್ಟೋ ಸಲ ಮೇಲ್ಭಾಗದ ಉದ್ದನೆಯ ಕಡ್ಡಿಯೊಂದು ಪಕ್ಕಕ್ಕೆ ಬಳುಕಿದ್ದರಿಂದಲೇ ಬೀಳುತ್ತದೆ. ಎರಡೂ ತುದಿಗಳಿಂದ ಒತ್ತಡಕ್ಕೆ ಒಳಗಾದ ತೆಳುಕಡ್ಡಿಯ ಉದ್ದ ಇಮ್ಮಡಿಯಾದರೆ, ಬಳುಕದೆ ಅದು ತಾಳಬಲ್ಲ ಭಾರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ನಿಯಮವನ್ನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 18ನೇ ಶತಮಾನದಲ್ಲಿಯೇ ತೋರಿಸಿಕೊಟ್ಟಿದ್ದನು. ಈ ಸೂತ್ರವನ್ನು ಹಲಗೆಯ ಮೇಲೆ ಬರೆದರೆ ಮಗು ನಕಲು ಮಾಡಿಕೊಳ್ಳುತ್ತದೆ, ಅಷ್ಟೆ. ತನ್ನ ಸೇತುವೆ ಕಣ್ಣೆದುರು ಬಿದ್ದ ಮೇಲೆ, ಮರುದಿನ ಅದೇ ಉದ್ದದ ಕಡ್ಡಿಯ ನಡುವೆ ಒಂದು ಅಡ್ಡಕಡ್ಡಿ ಕೊಟ್ಟು, ಬಳುಕುವ ಉದ್ದವನ್ನು ಅರ್ಧ ಮಾಡಿ, ಮತ್ತೆ ಭಾರ ತೂಗಿಸಿದಾಗ, ಅದೇ ಸೂತ್ರ ಅದರ ಸ್ವಂತ ತಿಳಿವಳಿಕೆಯಾಗುತ್ತದೆ.

ಅವಧಿಯ ವಿಷಯದಲ್ಲಿ ಆತುರ ಬೇಡ. ಮೊದಲ ಬಾರಿಗೆ ಮನೆ ಬಿಟ್ಟು ಇರುವ, ಯಾವ ವಿಭಾಗ ಇಷ್ಟವೆಂದು ಇನ್ನೂ ಗೊತ್ತಿಲ್ಲದ ಮಗುವಿಗೆ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಮೂರನ್ನೂ ಸ್ವಲ್ಪಸ್ವಲ್ಪ ಪರಿಚಯಿಸುವ ಒಂದು ವಾರದ ಶಿಬಿರ ಸಾಕು. ಒಂದು ವಿಷಯದಲ್ಲಿ ಈಗಾಗಲೇ ಆಸಕ್ತಿ ಬೇರೂರಿರುವವರಿಗೆ ನಾಲ್ಕರಿಂದ ಆರು ವಾರಗಳ ಕಾರ್ಯಕ್ರಮಗಳಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) ನಡೆಯುವ, 1975ರಲ್ಲಿ ಆರಂಭವಾದ ಮೈಟ್ಸ್ ಮತ್ತು 1984ರಲ್ಲಿ ಆರಂಭವಾದ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಆರು ವಾರಗಳವು. ಆಯ್ಕೆಯಾದವರಿಂದ ಶುಲ್ಕ ಪಡೆಯುವುದಿಲ್ಲ, ಆದರೆ ಆಯ್ಕೆ ಬಹಳ ಕಠಿಣ. ಕೆನಡಾದ ಶಾಡ್ ಕಾರ್ಯಕ್ರಮ ಸುಮಾರು ಒಂದು ತಿಂಗಳಿನದು. ಇಂಥವುಗಳಿಗೆ ಅರ್ಜಿ ಸಲ್ಲಿಸುವ ಅವಧಿ ಬೇಸಿಗೆಗೆ ಹಲವು ತಿಂಗಳು ಮುಂಚೆಯೇ ಮುಗಿಯುವುದರಿಂದ ಹಿಂದಿನ ವರ್ಷದ ಕೊನೆಯಲ್ಲಿಯೇ ವಿಚಾರಿಸತೊಡಗಬೇಕು. ಅರ್ಜಿಯ ಪ್ರಬಂಧವನ್ನು ಮಗುವೇ ಬರೆಯಲಿ. ಪಾಲಕರು ತಿದ್ದಿ ತೀಡಿದ ಭಾಷೆಯಲ್ಲಿ ಮಗುವಿನ ಕುತೂಹಲ ಕಾಣಿಸದೆ ಹೋಗುತ್ತದೆ. ಕೆಟ್ಟುಹೋದ ಫ್ಯಾನನ್ನು ಬಿಚ್ಚಿ ನೋಡಿದ ಅನುಭವವನ್ನು ತನ್ನದೇ ಮಾತುಗಳಲ್ಲಿ ಹೇಳಿದ ಅರ್ಜಿಗೆ ಆಯ್ಕೆಗಾರರ ಗಮನ ಸೆಳೆಯುವ ಶಕ್ತಿ ಹೆಚ್ಚು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಹೆಸರಾಂತ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯುವ ಶಿಬಿರವೆಲ್ಲ ಆ ವಿಶ್ವವಿದ್ಯಾಲಯವೇ ನಡೆಸುವ ಶಿಬಿರವಲ್ಲ. ರಜೆಯಲ್ಲಿ ಖಾಲಿಯಿರುವ ತರಗತಿ ಮತ್ತು ಹಾಸ್ಟೆಲುಗಳನ್ನು ಬಾಡಿಗೆಗೆ ಪಡೆದು ಖಾಸಗಿ ಸಂಸ್ಥೆಗಳು ನಡೆಸುವ ಶಿಬಿರಗಳು ಅನೇಕ. ಅವು ಕೆಟ್ಟವೆಂದು ಅರ್ಥವಲ್ಲ, ಆದರೆ ಕಲಿಸುವವರು ಯಾರು, ಜವಾಬ್ದಾರಿ ಯಾರದು, ಕೊನೆಯಲ್ಲಿ ಕೊಡುವ ಪ್ರಮಾಣಪತ್ರಕ್ಕೆ ಯಾರ ಸಹಿ ಇರುತ್ತದೆ ಎಂಬುದನ್ನು ಹಣ ಕಟ್ಟುವ ಮೊದಲೇ ಲಿಖಿತವಾಗಿ ತಿಳಿದುಕೊಳ್ಳಬೇಕು.

ಸುರಕ್ಷತೆಯ ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬಾರದು. ಕಾರ್ಯಾಗಾರದಲ್ಲಿ ರಕ್ಷಣಾ ಕನ್ನಡಕ ಕಡ್ಡಾಯವೇ, ಡ್ರಿಲ್ ಮತ್ತು ಗರಗಸ ಬಳಸುವಾಗ ಪಕ್ಕದಲ್ಲಿ ತರಬೇತಿ ಪಡೆದವರು ನಿಲ್ಲುತ್ತಾರೆಯೇ, ಬೆಸುಗೆ ಹಾಕುವ ಕೋಣೆಯಲ್ಲಿ ಹೊಗೆ ಹೊರಹೋಗುವ ವ್ಯವಸ್ಥೆ ಇದೆಯೇ ಎಂದು ಕೇಳಿ. ರಾತ್ರಿಯ ವ್ಯವಸ್ಥೆಯ ಬಗ್ಗೆ ಇನ್ನೂ ವಿವರವಾಗಿ ಕೇಳಿ: ಪ್ರತಿ ಮಹಡಿಯಲ್ಲಿ ಮಲಗುವ ಮೇಲ್ವಿಚಾರಕರು ಎಷ್ಟು ಮಂದಿ, ಅವರ ಹಿನ್ನೆಲೆಯನ್ನು ಪರಿಶೀಲಿಸಲಾಗಿದೆಯೇ, ಮಧ್ಯರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ರಾತ್ರಿ ತಂಗುವ ಶಿಬಿರಗಳಲ್ಲಿ 9ರಿಂದ 14 ವರ್ಷದ ಎಂಟು ಮಕ್ಕಳಿಗೆ ಒಬ್ಬರು, 15ರಿಂದ 18 ವರ್ಷದ ಹತ್ತು ಮಕ್ಕಳಿಗೆ ಒಬ್ಬರು ಮೇಲ್ವಿಚಾರಕರಿರಬೇಕೆಂದು ಸೂಚಿಸುತ್ತದೆ. ಯಾವ ದೇಶದ ಶಿಬಿರವನ್ನಾದರೂ ಈ ಅಳತೆಗೋಲಿನಿಂದ ನೋಡಬಹುದು. ನಿದ್ರೆಯೂ ಸುರಕ್ಷತೆಯ ಭಾಗವೇ. ಈ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ರಾತ್ರಿಯಿಡೀ ಎಚ್ಚರವಿದ್ದು ಕೆಲಸ ಮಾಡಿಸುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಶಿಬಿರದಲ್ಲಿ, ಮರುದಿನ ನಿದ್ದೆಗಣ್ಣಿನ ಮಗುವಿನ ಕೈಯಲ್ಲಿ ಗರಗಸವಿರುತ್ತದೆ ಎಂಬುದನ್ನು ನೆನಪಿಡಿ.

ಹೊರಡುವ ಮುನ್ನ ಮನೆಯಲ್ಲಿ ಮಾಡಬೇಕಾದ ತಯಾರಿ ಪಠ್ಯಪುಸ್ತಕದ ಓದಲ್ಲ, ಕೈಯ ಅಭ್ಯಾಸ. ಸ್ಕೇಲು ಮತ್ತು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಬರೆದುಕೊಳ್ಳುವುದು, ಒಂದು ಪೆಟ್ಟಿಗೆಯನ್ನು ಮೇಲಿನಿಂದ, ಎದುರಿನಿಂದ, ಪಕ್ಕದಿಂದ ನೋಡಿದಂತೆ ಮೂರು ಚಿತ್ರಗಳಲ್ಲಿ ಬಿಡಿಸುವುದು, ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಹರಿಯುವ ವಿದ್ಯುತ್ತು ಸಿಗುತ್ತದೆ ಎಂಬ ಓಮ್‌ನ ನಿಯಮವನ್ನು ನಿಜವಾದ ಘಟಕದ ಮೇಲೆ ಬಳಸುವುದು: ಇಷ್ಟು ಬಂದರೆ ಸಾಕು. 5 ವೋಲ್ಟ್ ಮೂಲಕ್ಕೆ, ಸುಮಾರು 2 ವೋಲ್ಟ್ ತೆಗೆದುಕೊಳ್ಳುವ ಕೆಂಪು ಎಲ್‌ಇಡಿಯನ್ನು 220 ಓಮ್ ರೆಸಿಸ್ಟರ್ (ರೋಧಕ) ಜೊತೆ ಸರಣಿಯಲ್ಲಿ ಸೇರಿಸಿದರೆ, ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿ, ಹರಿಯುವ ವಿದ್ಯುತ್ತು ಸುಮಾರು 14 ಮಿಲಿಆಂಪಿಯರ್ ಎಂದು ಮಗು ಲೆಕ್ಕ ಹಾಕಬೇಕು, ಆಮೇಲೆ ಮಲ್ಟಿಮೀಟರ್‌ನಿಂದ ಅಳೆದು ನೋಡಬೇಕು. ಎರಡು ಸಂಖ್ಯೆಗಳು ಏಕೆ ಸರಿಯಾಗಿ ತಾಳೆಯಾಗಲಿಲ್ಲ ಎಂಬ ಪ್ರಶ್ನೆ ಆಗ ತಾನಾಗಿ ಹುಟ್ಟುತ್ತದೆ. ಹಳೆಯ ಉಪಕರಣಗಳನ್ನು ಬಿಚ್ಚಿ ನೋಡುವುದು ಒಳ್ಳೆಯದೇ, ಆದರೆ ಮೈಕ್ರೊವೇವ್ ಓವನ್ ಮತ್ತು ಹಳೆಯ ಗಾಜಿನ ಕೊಳವೆಯ ಟಿವಿಗಳನ್ನು ಮುಟ್ಟಗೊಡಬಾರದು. ಪ್ಲಗ್ ತೆಗೆದ ನಂತರವೂ ಅವುಗಳೊಳಗೆ ಪ್ರಾಣ ತೆಗೆಯಬಲ್ಲ ವಿದ್ಯುದಾವೇಶ ಉಳಿದಿರಬಹುದು.

ಸಾಮಾನುಗಳು ಕಡಿಮೆ ಇರಲಿ. ಮುಂಗಾಲು ಪೂರ್ತಿ ಮುಚ್ಚುವ ಗಟ್ಟಿ ಶೂ, ತೋಳು ಸಡಿಲವಾಗಿರದ ಹತ್ತಿಯ ಬಟ್ಟೆ, ಉದ್ದ ಕೂದಲಿದ್ದರೆ ಕಟ್ಟಲು ಬ್ಯಾಂಡ್, ದಿನನಿತ್ಯದ ಔಷಧಿಗಳು ಮೂಲ ಪೊಟ್ಟಣದಲ್ಲಿಯೇ ವೈದ್ಯರ ಚೀಟಿಯೊಂದಿಗೆ, ಹಾಳೆ ಕಿತ್ತುಬರದಂತೆ ಹೊಲಿದ ಒಂದು ನೋಟ್‌ಬುಕ್. ವಿಮಾನದಲ್ಲಿ ಹೋಗುವುದಾದರೆ ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಇಡಬೇಕು.

ಮನೆಯ ನೆನಪು ಹೆಚ್ಚಿನ ಮಕ್ಕಳನ್ನು ಮೊದಲ ಎರಡು ಮೂರು ದಿನ ಕಾಡುತ್ತದೆ. ಬೇಸರವಾದರೆ ತಕ್ಷಣ ಬಂದು ಕರೆದುಕೊಂಡು ಹೋಗುತ್ತೇವೆ ಎಂದು ಮುಂಚಿತವಾಗಿ ಮಾತು ಕೊಡಬೇಡಿ; ಆ ಮಾತು ಮಗುವಿಗೆ ನೀನು ನಿಭಾಯಿಸಲಾರೆ ಎಂದು ಕೇಳಿಸುತ್ತದೆ. ಅದರ ಬದಲು ಫೋನಿಗೆ ಒಂದು ನಿಗದಿತ ಸಮಯ ಇಟ್ಟುಕೊಳ್ಳಿ, ಬೇಸರವಾದಾಗ ಯಾವ ಮೇಲ್ವಿಚಾರಕರ ಬಳಿ ಹೋಗಬೇಕೆಂಬುದನ್ನು ಮೊದಲ ದಿನವೇ ಗುರುತು ಮಾಡಿಸಿ. ಯಾರಾದರೂ ಹೆದರಿಸಿದರೆ, ಮೈಮುಟ್ಟಿ ತೊಂದರೆ ಕೊಟ್ಟರೆ ಮಾತ್ರ ನಿಗದಿತ ಸಮಯಕ್ಕೆ ಕಾಯದೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬೇಕೆಂದು ಸ್ಪಷ್ಟವಾಗಿ ಹೇಳಿ.

ಮಗುವಿಗೆ ಹೇಳಿ ಕಳುಹಿಸಬೇಕಾದ ಇನ್ನೊಂದು ಮಾತಿದೆ, ಅದು ತಂಡದೊಳಗಿನ ಕೆಲಸದ ಹಂಚಿಕೆಯ ಕುರಿತು. ನಾಲ್ವರ ತಂಡದಲ್ಲಿ ಮೊದಲ ದಿನ ಸ್ಕ್ರೂಡ್ರೈವರ್ ಹಿಡಿದವನೇ ಕೊನೆಯವರೆಗೂ ಅದನ್ನು ಹಿಡಿದಿರುತ್ತಾನೆ, ಅಕ್ಷರ ಚೆನ್ನಾಗಿರುವ ಹುಡುಗಿ ಕೊನೆಯವರೆಗೂ ವರದಿ ಬರೆಯುತ್ತಾಳೆ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ, ಏಕೆಂದರೆ ಇಷ್ಟು ದೂರ ಬಂದ ಆ ಹುಡುಗಿ ಮೋಟಾರಿನ ತಂತಿಯನ್ನು ಮುಟ್ಟದೆಯೇ ಮನೆಗೆ ಮರಳುತ್ತಾಳೆ. ಜೋಡಿಸುವುದು, ಪ್ರೋಗ್ರಾಂ ಬರೆಯುವುದು, ಅಳೆಯುವುದು, ದಾಖಲಿಸುವುದು ಎಂಬ ಕೆಲಸಗಳನ್ನು ದಿನಕ್ಕೊಬ್ಬರಂತೆ ಬದಲಿಸಿಕೊಳ್ಳೋಣ ಎಂದು ಮೊದಲ ಸಭೆಯಲ್ಲಿಯೇ ಕೇಳಲು ಮಗುವಿಗೆ ಧೈರ್ಯ ಕೊಡಿ. ಸಂಘಟಕರನ್ನೂ ಈ ವಿಷಯದಲ್ಲಿ ಮುಂಚಿತವಾಗಿ ಪ್ರಶ್ನಿಸಿ. ಅಮೆರಿಕದ ಸ್ಮಿತ್ ಕಾಲೇಜು 1990ರಿಂದ ಹುಡುಗಿಯರಿಗಾಗಿಯೇ ವಿಜ್ಞಾನ ಮತ್ತು ಎಂಜಿನಿಯರಿಂಗ್ ವಸತಿ ಕಾರ್ಯಕ್ರಮವನ್ನು ನಡೆಸುತ್ತ ಬಂದಿರುವುದು ಇಂಥ ಶಿಬಿರಗಳ ಅಗತ್ಯ ಎಷ್ಟು ಹಳೆಯದೆಂಬುದನ್ನು ತೋರಿಸುತ್ತದೆ.

ಮಗು ಹಿಂತಿರುಗಿದ ದಿನ ಯಾವ ಬಹುಮಾನ ಬಂತು ಎಂದು ಕೇಳುವ ಬದಲು ಆ ಹೊಲಿದ ನೋಟ್‌ಬುಕ್ ತೆರೆದು ತೋರಿಸಲು ಹೇಳಿ. ಮೊದಲ ಪರೀಕ್ಷೆಯ ದಿನಾಂಕವಿರುವ ಪುಟದಲ್ಲಿ ಏನು ಮುರಿಯಿತು ಎಂದು ಬರೆದಿದೆ, ಮುಂದಿನ ಪುಟದಲ್ಲಿ ಏನು ಬದಲಾಗಿದೆ ಎಂಬುದನ್ನು ಮಗುವೇ ವಿವರಿಸಲಿ. ಮುರಿದ ಮಾದರಿಯನ್ನು ತಂದಿದ್ದರೆ ಅದನ್ನು ಎಸೆಯದೆ, ಮೂರನೆಯ ಮಾದರಿ ಸಿದ್ಧವಾಗುವವರೆಗೆ ಮೇಜಿನ ಮೇಲೆಯೇ ಇಟ್ಟಿರಿ.