61ನೇ ದಿನ ಬೆಳಗ್ಗೆ

ನಾನು ಕಾನೂನು ಸೇವಾ ಸಮಿತಿಯ ಪ್ಯಾನೆಲ್ ವಕೀಲೆ. ದುಡ್ಡಿಲ್ಲದ ಆರೋಪಿಗಳ ಕೇಸು ನಡೆಸುತ್ತೇನೆ. ಜೈಲಿಗೆ ಹೋದಾಗ ಮೊದಲು ಕೇಳುವ ಪ್ರಶ್ನೆ ಒಂದೇ: ನಿನ್ನನ್ನು ಮೊದಲು ಕೋರ್ಟಿಗೆ ಕರೆತಂದದ್ದು ಯಾವತ್ತು?

ರಾಯಚೂರು ಕಡೆಯ ಒಬ್ಬ ಗಾರೆ ಕೆಲಸದ ಹುಡುಗ. ಬೈಕ್ ಕಳವಿನ ಕೇಸು. ನಾನು ಅವನನ್ನು ನೋಡುವಾಗ ಒಳಗೆ ಸೇರಿ 52 ದಿನವಾಗಿತ್ತು. ಮೊದಲ ದಿನ 'ವಕೀಲರಿದ್ದಾರಾ' ಅಂತ ಕೇಳಿದ್ದಾರೆ, ಇವನು ಇಲ್ಲ ಅಂತ ತಲೆಯಾಡಿಸಿದ್ದಾನೆ, ಅಲ್ಲಿಗೆ ಮುಗಿಯಿತು. ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ ಅಂತ ಯಾರೂ ಹೇಳಲಿಲ್ಲ. ಹೇಳುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1981ರ ಖತ್ರಿ ಕೇಸಿನಲ್ಲೇ ಹೇಳಿದೆ. 1986ರ ಸುಖ್ ದಾಸ್ ಕೇಸಿನಲ್ಲಂತೂ, ಆರೋಪಿ ತಾನಾಗಿ ಕೇಳಲಿಲ್ಲ ಅನ್ನುವ ಮಾತು ನಡೆಯಲ್ಲ ಅಂತ ಶಿಕ್ಷೆಯನ್ನೇ ರದ್ದು ಮಾಡಿತು. ಇಷ್ಟು ವರ್ಷವಾದ ಮೇಲೂ ಹೀಗೆ ಆಗುತ್ತದಲ್ಲ, ನನಗೆ ಹೊಟ್ಟೆ ಉರಿಯುತ್ತದೆ.

"ಫೀಸ್ ಎಷ್ಟ್ರಿ ಮೇಡಂ?" ಅಂದ. ಏನೂ ಇಲ್ಲ ಅಂದೆ. ಬಂಧನದಲ್ಲಿ ಇರುವವರಿಗೆ ಆದಾಯ ಪ್ರಮಾಣಪತ್ರವೂ ಬೇಡ. ಅರ್ಜಿಗೆ ಹೆಬ್ಬೆಟ್ಟು ಹಾಕಿಸಲು ಹೋದರೆ ಇಂಕ್ ಪ್ಯಾಡ್ ಒಣಗಿತ್ತು, ಸಿಮೆಂಟಿನಲ್ಲಿ ಸವೆದ ಬೆರಳಿನಲ್ಲಿ ಗೆರೆಯೂ ಇರಲಿಲ್ಲ. ಮೂರನೇ ಸಲಕ್ಕೆ ಗುರುತು ಬಿತ್ತು.

ಇಂಥ ಕೇಸಿನಲ್ಲಿ 60 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಕೇಳುವುದು ಆರೋಪಿಯ ಹಕ್ಕು. ಆದರೆ ಚಾರ್ಜ್‌ಶೀಟ್ ಬರುವ ಮೊದಲೇ ಕೇಳಬೇಕು, ತಡ ಮಾಡಿದರೆ ಹೋಯಿತು. ಮೊದಲು ರಿಮಾಂಡ್ ಆದ ದಿನವನ್ನೂ, ಅಂದರೆ ಕೋರ್ಟಿಗೆ ಕರೆತಂದು ಬಂಧನದಲ್ಲಿಡಲು ಆದೇಶವಾದ ದಿನವನ್ನೂ, ಸೇರಿಸಿ ಎಣಿಸಿದೆ. 61ನೇ ದಿನ ಕೋರ್ಟ್ ಕಚೇರಿ ಬಾಗಿಲು ತೆಗೆಯುತ್ತಿದ್ದ ಹಾಗೆ ಅರ್ಜಿ ಕೊಟ್ಟು, ಅದರ ಮೇಲೆ ಗಂಟೆ ಬರೆಸಿಕೊಂಡೆ. ಮಧ್ಯಾಹ್ನ ಚಾರ್ಜ್‌ಶೀಟ್ ಬಂತು! ನಮ್ಮದು ಮೊದಲು ಬಿದ್ದಿದ್ದರಿಂದ ಜಾಮೀನು ಸಿಕ್ಕಿತು.

ಸಿಕ್ಕರೂ ಹುಡುಗ ಹೊರಗೆ ಬರಲಿಲ್ಲ. ಸ್ಥಳೀಯ ಜಾಮೀನುದಾರರೇ ಬೇಕು ಅಂತ ಷರತ್ತು. ಊರು ಬಿಟ್ಟು ಕೂಲಿಗೆ ಬಂದವನಿಗೆ ಇಲ್ಲಿ ಯಾರು ಪಹಣಿ ತಂದು ನಿಲ್ಲುತ್ತಾರೆ? 1978ರ ಮೋತಿರಾಮ್ ಕೇಸಿನ ತೀರ್ಪು ತೋರಿಸಿದೆ. ಮೋತಿರಾಮ್ ಕೂಡ ಗಾರೆ ಕೆಲಸದವನೇ, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯದು ಅಂತ ಜಾಮೀನು ತಳ್ಳಿದ್ದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ನಮ್ಮ ಹುಡುಗನ ಸೋದರಮಾವ ತಂದ ಎರಡು ಎಕರೆಯ ರಾಯಚೂರು ಪಹಣಿಯನ್ನೇ ಒಪ್ಪಿದರು.

ಕೇಸು ಇನ್ನೂ ನಡೆಯುತ್ತಿದೆ. ಪ್ರತಿ ತಾರೀಕಿಗೆ ಹಿಂದಿನ ರಾತ್ರಿ ಬಸ್ ಹತ್ತಿದ ಕೂಡಲೇ ನನಗೆ ಫೋನ್ ಮಾಡುತ್ತಾನೆ.